ಬಿಎಂಡಿ ಬಿಟ್ಟು ಪ್ರೊಬಯೋಟಿಕ್ ಹಾಕಿದೆ, 53 ಸಾವಿರ ಹೋಯಿತು. ತಪ್ಪು ಎಲ್ಲಿ?

ಶಿರಾ_ಶೆಡ್ · ಜೂನ್ 3, ರಾತ್ರಿ 9:40

ನನ್ನದು ಯಾವ ಕಂಪನಿಯ ಕಾಂಟ್ರಾಕ್ಟೂ ಇಲ್ಲದ ಸ್ವಂತ ಸಾಕಣೆ. ಮರಿ ನನ್ನದು, ಫೀಡ್ ನನ್ನದು, ನಷ್ಟವೂ ನನ್ನದೇ. ಎರಡು ಶೆಡ್‌ನಲ್ಲಿ ಒಟ್ಟು 6,000 ಬ್ರಾಯ್ಲರ್ ಮರಿ ಬಿಡುತ್ತೇನೆ. ಮುಸುಕಿನ ಜೋಳ, ಸೋಯಾ ಹಿಂಡಿ ತಂದು ಊರಿನ ಮಿಲ್ಲಿನಲ್ಲಿ ಒಡೆಸಿ ಮ್ಯಾಶ್ ಮಾಡಿಸುವುದು ಹನ್ನೊಂದು ವರ್ಷದ ರೂಢಿ. ಕೋಳಿ ಚೆನ್ನಾಗಿ ಬೆಳೆಯಲೆಂದು ಟನ್ನಿಗೆ ಅರ್ಧ ಕೆಜಿ ಬಿಎಂಡಿ ಎಂಬ ಆಂಟಿಬಯೋಟಿಕ್ ಪುಡಿ ಹಾಕುವುದೂ ಅಷ್ಟೇ ಹಳೆಯ ರೂಢಿ.

ಬೆಂಗಳೂರಿನ ಒಬ್ಬ ಖರೀದಿದಾರರು, ಆಂಟಿಬಯೋಟಿಕ್ ಇಲ್ಲದ ಕೋಳಿ ಕೊಟ್ಟರೆ ಕೆಜಿಗೆ 6 ರೂಪಾಯಿ ಹೆಚ್ಚು ಕೊಡುತ್ತೇನೆ ಎಂದರು. ಆಸೆಯಾಯಿತು. ಫೀಡ್ ಅಂಗಡಿಯವರನ್ನು ಕೇಳಿದೆ. "ಬಿಎಂಡಿ ತೆಗೆಯಿರಿ, ಅದೇ ಲೆಕ್ಕದಲ್ಲಿ ಈ ಪ್ರೊಬಯೋಟಿಕ್ ಹಾಕಿ" ಎಂದು ಕರುಳಿಗೆ ಒಳ್ಳೆಯದೆನ್ನುವ ಜೀವಂತ ಸೂಕ್ಷ್ಮಜೀವಿಗಳ ಒಂದು ಪುಡಿ ಕೊಟ್ಟರು. ಹಾಕಿದೆ.

ಇಪ್ಪತ್ತನೆಯ ದಿನದವರೆಗೆ ಏನೂ ಇಲ್ಲ. 22ನೆಯ ದಿನ ಬೆಳಿಗ್ಗೆ ಶೆಡ್ ಬಾಗಿಲು ತೆಗೆದಾಗಲೇ ವಾಸನೆ ಬೇರೆ ಇತ್ತು. ಹಿಕ್ಕೆ ನೊರೆ ನೊರೆಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಅದರಲ್ಲಿ ಜೋಳದ ನುಚ್ಚು ಜೀರ್ಣವಾಗದೆ ಹಾಗೆಯೇ ಕಾಣುತ್ತಿತ್ತು. ಕುಡಿಯುವ ನೀರಿನ ಸಾಲಿನ ಕೆಳಗೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಕೇಕಿನಂತೆ ಗಟ್ಟಿಯಾಗಿತ್ತು. ಸಾವು 4 ಇದ್ದದ್ದು 7 ಶೇಕಡಾ ಆಯಿತು. ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕಕ್ಕೆ ತಿನ್ನಿಸುವ ಫೀಡ್, 1.62 ಇದ್ದದ್ದು 1.74 ಆಯಿತು. ಸರಾಸರಿ 2.1 ಕೆಜಿ ಕೋಳಿಗೆ 252 ಗ್ರಾಂ ಫೀಡ್ ಹೆಚ್ಚು ತಿನ್ನಿಸಿದ ಹಾಗಾಯಿತು. ನನ್ನ ಫೀಡ್ ಕೆಜಿಗೆ 38 ರೂಪಾಯಿ ಬೀಳುತ್ತದೆ, ಅಂದರೆ ಒಂದು ಕೋಳಿಗೆ ಒಂಬತ್ತೂವರೆ ರೂಪಾಯಿ. ಉಳಿದ 5,580 ಕೋಳಿಗೆ 53 ಸಾವಿರ. ಸತ್ತ ಕೋಳಿಯ ಲೆಕ್ಕ ಬೇರೆ.

ಪ್ರೊಬಯೋಟಿಕ್ ಎನ್ನುವುದೇ ಮೋಸವೇ, ಅಥವಾ ನಾನು ತಪ್ಪಿದೆನೇ? ಬಳಸಿ ನೋಡಿದವರು ಮಾತ್ರ ಹೇಳಿ.

ಲೇಯರ್_ಹೊಸಪೇಟೆ · ಜೂನ್ 3, ರಾತ್ರಿ 9:52

ಮೋಸ. ಮುಗಿಯಿತು.

ಹೊಟ್ಟು_ಸುಣ್ಣ · ಜೂನ್ 3, ರಾತ್ರಿ 10:15

ಹೊಸಪೇಟೆಯವರೇ, ನಿಮ್ಮದು ಮೊಟ್ಟೆ ಕೋಳಿ. ಅದು ವರ್ಷಗಟ್ಟಲೆ ಬದುಕುತ್ತದೆ. ನಮ್ಮದಕ್ಕೆ ಆಯುಷ್ಯವೇ ನಲವತ್ತು ದಿನ, ಕರುಳು ಕೆಟ್ಟರೆ ಸುಧಾರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಶಿರಾದವರೇ, ನಾನು ದೊಡ್ಡಬಳ್ಳಾಪುರದ ಕಡೆಯವನು, ಶೆಡ್ ಕಟ್ಟಿ 22 ವರ್ಷ. ಮೂರು ಪ್ರಶ್ನೆಗೆ ಉತ್ತರ ಕೊಡಿ. ಪುಡಿಯ ಡಬ್ಬದ ಮೇಲೆ ಏನು ಬರೆದಿದೆ? ನೀರಿನ ಪೈಪನ್ನು ಕೊನೆಯ ಸಲ ತೊಳೆದದ್ದು ಯಾವಾಗ? ಮರಿ ಬಂದ ಮೊದಲ ವಾರ ನೀರಿನಲ್ಲಿ ಏನೇನು ಕೊಟ್ಟಿರಿ?

ಜೋಳದ_ರಾಣೆಬೆನ್ನೂರು · ಜೂನ್ 3, ರಾತ್ರಿ 10:31

38 ರೂಪಾಯಿಗೆ ಫೀಡ್ ಹೇಗೆ ಕೂಡುತ್ತದೆ ನಿಮಗೆ? ಎಥೆನಾಲ್ ಕಾರ್ಖಾನೆಗಳು ಮೆಕ್ಕೆಜೋಳ ಎತ್ತಲು ಶುರು ಮಾಡಿದ ಮೇಲೆ ನಮ್ಮಲ್ಲಿ ಸರಕೇ ನಿಲ್ಲುವುದಿಲ್ಲ. ಜೋಳದ ತೇವಾಂಶ ನೋಡಿ ತೆಗೆದುಕೊಂಡಿರಾ? ಹಸಿ ಜೋಳ ಗೋದಾಮಿನಲ್ಲಿ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಬರುತ್ತದೆ. ಆಗ ಯಾವ ಪ್ರೊಬಯೋಟಿಕ್ ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಶಿರಾ_ಶೆಡ್ · ಜೂನ್ 4, ಬೆಳಿಗ್ಗೆ 6:20

ಜೋಳ ಚೆನ್ನಾಗಿಯೇ ಇತ್ತು, ಕಚ್ಚಿದರೆ ಟಕ್ಕೆನ್ನುತ್ತಿತ್ತು.

ಡಬ್ಬದ ಮೇಲೆ ಆರು ಹೆಸರುಗಳಿವೆ. ಲ್ಯಾಕ್ಟೋಬ್ಯಾಸಿಲಸ್ ಎರಡು ಬಗೆ, ಬ್ಯಾಸಿಲಸ್ ಸಬ್ಟಿಲಿಸ್, ಒಂದು ಯೀಸ್ಟ್, ಇನ್ನೆರಡು ಓದಲು ಬರಲಿಲ್ಲ. "ಒಟ್ಟು 5 ಕೋಟಿ ಸಿಎಫ್‌ಯು ಪ್ರತಿ ಗ್ರಾಂಗೆ" ಎಂದಿದೆ. 5 ಕೋಟಿ ಜೀವಂತ ಸೂಕ್ಷ್ಮಜೀವಿ ಎಂದರೆ ಬಹಳ ಎಂದುಕೊಂಡೆ.

ನೀರಿನ ಪೈಪು ಬ್ಯಾಚ್ ಮುಗಿದ ಮೇಲೆ ಬರಿ ನೀರು ಹಾಯಿಸಿ ತೊಳೆಯುತ್ತೇವೆ.

ಮೊದಲ ದಿನ ಎಂದಿನಂತೆ ಬೆಲ್ಲದ ನೀರು. ನಾಲ್ಕನೆಯ ದಿನದವರೆಗೆ ಎನ್ರೋಫ್ಲಾಕ್ಸಸಿನ್ ಆಂಟಿಬಯೋಟಿಕ್ ಮತ್ತು ವಿಟಮಿನ್. 22ನೆಯ ದಿನ ಹಿಕ್ಕೆ ನೀರಾದಾಗ ಮತ್ತೆ ಮೂರು ದಿನ ಒಂದು ಆಂಟಿಬಯೋಟಿಕ್.

ಹೊಟ್ಟು_ಸುಣ್ಣ · ಜೂನ್ 4, ಬೆಳಿಗ್ಗೆ 6:44

ಸ್ವಾಮೀ, ಬೀಜ ಬಿತ್ತಿ ಅದರ ಮೇಲೆಯೇ ಕಳೆನಾಶಕ ಹೊಡೆದಿದ್ದೀರಿ!

ಶಿರಾ_ಶೆಡ್ · ಜೂನ್ 4, ಬೆಳಿಗ್ಗೆ 7:02

ಎನ್ರೋ ಔಷಧ ಅಲ್ಲವೇ? ಬಿಎಂಡಿಯಂತೆ ಗ್ರೋತ್ ಪ್ರಮೋಟರ್ (ಬೆಳವಣಿಗೆಗೆ ಹಾಕುವುದು) ಅಲ್ಲವಲ್ಲ. ಎಲ್ಲರೂ ಮರಿಗೆ ಕೊಡುತ್ತಾರೆ. ಹ್ಯಾಚರಿಯವರೇ ಬರೆದುಕೊಟ್ಟ ಚೀಟಿಯಲ್ಲಿ ಇದೆ.

ಭಾನುವಾರದ_ಸಾರು · ಜೂನ್ 4, ಬೆಳಿಗ್ಗೆ 8:10

ನಾನು ಸಾಕುವವನಲ್ಲ, ತಿನ್ನುವವನು. ಸುಮ್ಮನೆ ಓದುತ್ತಿದ್ದೆ, ಇನ್ನು ಸುಮ್ಮನಿರಲು ಆಗುವುದಿಲ್ಲ. ಎರಡು ಸಲ ಆಂಟಿಬಯೋಟಿಕ್ ಕೊಟ್ಟ ಕೋಳಿಯನ್ನು "ಆಂಟಿಬಯೋಟಿಕ್ ಇಲ್ಲದ್ದು" ಎಂದು ಕೆಜಿಗೆ 6 ರೂಪಾಯಿ ಹೆಚ್ಚಿಗೆ ಮಾರಿದಿರಾ? ಅದನ್ನು ಅಂಗಡಿಯಲ್ಲಿ ಇನ್ನೂ 60 ರೂಪಾಯಿ ಹೆಚ್ಚು ಕೊಟ್ಟು ಕೊಂಡವನು ನಾನೇ ಇರಬಹುದು.

ಶಿರಾ_ಶೆಡ್ · ಜೂನ್ 4, ಬೆಳಿಗ್ಗೆ 8:25

ಅವರು ಕೇಳಿದ್ದು ಫೀಡ್ ಬಗ್ಗೆ ಮಾತ್ರ. ಸುಳ್ಳು ಹೇಳಲಿಲ್ಲ. ಆದರೆ ನೀವು ಹೇಳಿದ ಮೇಲೆ ಮನಸ್ಸಿಗೆ ಸರಿ ಬರುತ್ತಿಲ್ಲ, ಅದೂ ನಿಜ.

ಪಶುವೈದ್ಯ_ನಿವೃತ್ತ · ಜೂನ್ 4, ಬೆಳಿಗ್ಗೆ 11:30

ಶಿರಾದವರು ಮುಚ್ಚಿಡದೆ ಬರೆದಿದ್ದಾರೆ, ಅವರನ್ನು ಯಾರೂ ಬಯ್ಯಬೇಡಿ. ಇದೇ ತಪ್ಪನ್ನು ನೂರು ಶೆಡ್‌ಗಳಲ್ಲಿ ನೋಡಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಿಎಂಡಿ ಎಂದರೆ ಬ್ಯಾಸಿಟ್ರಾಸಿನ್. ಅದು ಕರುಳಿನಿಂದ ರಕ್ತಕ್ಕೆ ಹೋಗುವುದು ತೀರ ಕಡಿಮೆ, ಕೆಲಸವೆಲ್ಲ ಕರುಳಿನೊಳಗೇ. ಅಲ್ಲಿ ಅದು ಮುಖ್ಯವಾಗಿ ತಡೆದು ಹಿಡಿಯುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾವನ್ನು. ಆ ಬ್ಯಾಕ್ಟೀರಿಯಾ ಹೊಟ್ಟಿನಲ್ಲಿದೆ, ಮಣ್ಣಿನಲ್ಲಿದೆ, ಆರೋಗ್ಯವಾಗಿರುವ ಕೋಳಿಯ ಕರುಳಿನಲ್ಲೂ ಇದೆ. ಕಾಕ್ಸಿ ಎಂಬ ಪರಾವಲಂಬಿ ರೋಗದಿಂದ ಕರುಳಿನ ಗೋಡೆ ಗೀರಿದಾಗ, ಜೀರ್ಣವಾಗದ ಪ್ರೋಟೀನ್ ಕೆಳಗಿಳಿದಾಗ, ಲಿಟರ್, ಅಂದರೆ ನೆಲಕ್ಕೆ ಹಾಸಿದ ಹೊಟ್ಟು, ಒದ್ದೆಯಾದಾಗ ಅದು ಒಮ್ಮೆಗೇ ಹೆಚ್ಚಿ ವಿಷ ಬಿಡುತ್ತದೆ. ಮೂರನೆಯ, ನಾಲ್ಕನೆಯ ವಾರ ಅದರ ಕಾಲ. ನಿಮ್ಮ 22ನೆಯ ದಿನ ಅಲ್ಲಿಗೇ ಬಂದು ನಿಲ್ಲುತ್ತದೆ. ಸತ್ತ ಕೋಳಿಯನ್ನು ಕೊಯ್ದು ನೋಡಿದ್ದರೆ ಸಣ್ಣ ಕರುಳು ಗಾಳಿ ತುಂಬಿ ಉಬ್ಬಿರುತ್ತಿತ್ತು, ಒಳಪದರ ಹಳೆಯ ಒರಟು ಟವೆಲ್ಲಿನಂತೆ ಇರುತ್ತಿತ್ತು. ನೀವು ಕೊಯ್ಯಲಿಲ್ಲ, ಹೂತಿರಿ. ಮುಂದಿನ ಸಲ ಹೂಳುವ ಮೊದಲು ಮೂರು ಕೋಳಿಯನ್ನಾದರೂ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ.

ಇನ್ನು ಅಂಗಡಿಯವರ "ಅದೇ ಲೆಕ್ಕದಲ್ಲಿ ಇದನ್ನು ಹಾಕಿ" ಎಂಬ ಮಾತು. ಬಿಎಂಡಿ ಕಾವಲುಗಾರ, ದೊಣ್ಣೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಪ್ರೊಬಯೋಟಿಕ್ ಬಾಡಿಗೆದಾರ. ಮೊದಲೇ ಬಂದು ಮನೆ ತುಂಬಿದರೆ ಕಳ್ಳನಿಗೆ ಜಾಗ ಇರುವುದಿಲ್ಲ. ನೀವು ಬಾಡಿಗೆದಾರನನ್ನು ಕರೆದು, ನಾಲ್ಕು ದಿನ ಎನ್ರೋ ಕೊಟ್ಟು ಒಳಗೆ ಬರುತ್ತಿದ್ದವರಲ್ಲಿ ಬಹಳಷ್ಟು ಜನರನ್ನು ಮುಗಿಸಿದಿರಿ. ಕಾವಲುಗಾರನನ್ನೂ ಕಳಿಸಿಬಿಟ್ಟಿದ್ದಿರಿ. ಮನೆ ಖಾಲಿ.

ರೋಗವೇ ಇಲ್ಲದ ಮರಿಗೆ ರೂಢಿಗೆಂದು ಎನ್ರೋ ಕೊಡುವುದು ಔಷಧವಲ್ಲ. ಹ್ಯಾಚರಿಯವರು ಚೀಟಿ ಬರೆದರೆ ಅದು ಪ್ರಿಸ್ಕ್ರಿಪ್ಷನ್ ಆಗುವುದಿಲ್ಲ.

ಕಾಂಟ್ರಾಕ್ಟ್_ಕೋಳಿ · ಜೂನ್ 4, ಮಧ್ಯಾಹ್ನ 1:05

ಡಾಕ್ಟರೇ, ಚೆನ್ನಾಗಿ ಹೇಳಿದಿರಿ. ಆದರೆ ಈ ಚರ್ಚೆಯೆಲ್ಲ ಸ್ವಂತ ಫೀಡ್ ಮಾಡುವವರಿಗೆ ಮಾತ್ರ. ನಮ್ಮ ಹಾಸನದ ಕಡೆ ನಮ್ಮಂಥವರಿಗೆ ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧ ಕಂಪನಿಯದು. ಶೆಡ್, ಕರೆಂಟು, ಕೂಲಿ, ನಿದ್ದೆ ಕೆಡಿಸಿಕೊಳ್ಳುವುದು ನಮ್ಮದು. ಕೊನೆಯಲ್ಲಿ ಕೆಜಿಗೆ ಇಷ್ಟು ಎಂದು ಸಾಕಣೆ ಕೂಲಿ. ಎಫ್‌ಸಿಆರ್ ಕೆಟ್ಟರೆ ಅದರಲ್ಲೂ ಕಡಿತ. ಫೀಡ್ ಚೀಲದೊಳಗೆ ಬಿಎಂಡಿ ಇದೆಯೋ, ಬೇರೇನಾದರೂ ಇದೆಯೋ, ಸೂಪರ್‌ವೈಸರನ್ನು ಕೇಳಿದರೆ "ನಿನಗೇಕೆ ಅದು" ಎನ್ನುತ್ತಾನೆ. ನಾವು ಯಾವ ಕಾವಲುಗಾರನನ್ನು ಕಳಿಸೋಣ, ಯಾವ ಬಾಡಿಗೆದಾರನನ್ನು ಕರೆಯೋಣ?

ಹೊಟ್ಟು_ಸುಣ್ಣ · ಜೂನ್ 4, ಮಧ್ಯಾಹ್ನ 1:40

ಅಣ್ಣ, ಮಾತು ನಿಜ. ಆದರೆ ನೀರು ನಿನ್ನದು, ಹೊಟ್ಟು ನಿನ್ನದು, ಪರದೆ ಎತ್ತುವುದು ಇಳಿಸುವುದು ನಿನ್ನದು. ಅರ್ಧ ಕಾಯಿಲೆ ಅಲ್ಲಿಂದಲೇ ಬರುತ್ತದೆ. ನಾನೂ ಆರು ವರ್ಷ ಕಾಂಟ್ರಾಕ್ಟ್‌ನಲ್ಲಿ ಇದ್ದವನೇ.

ಕಾಂಟ್ರಾಕ್ಟ್_ಕೋಳಿ · ಜೂನ್ 4, ಮಧ್ಯಾಹ್ನ 1:52

ಎಲ್ಲ ತಪ್ಪೂ ರೈತನ ಪರದೆಯಲ್ಲೇ ಇರುತ್ತದೆ. ಸೂಪರ್‌ವೈಸರ್ ಹೇಳುವುದೂ ಇದನ್ನೇ.

ಮಜ್ಜಿಗೆ_ಪ್ರಿಯ · ಜೂನ್ 4, ಸಂಜೆ 5:15

ದಡ್ಡ ಪ್ರಶ್ನೆ ಎನ್ನಿಸಿದರೆ ಕ್ಷಮಿಸಿ. ಮನುಷ್ಯನಿಗೆ ಹೊಟ್ಟೆ ಕೆಟ್ಟರೆ ಮಜ್ಜಿಗೆ ಕೊಡುತ್ತೇವೆ. ಕೋಳಿಗೂ ಮಜ್ಜಿಗೆ ಕೊಟ್ಟರೆ ಆಗುವುದಿಲ್ಲವೇ? ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಏಕೆ?

ಹೊಟ್ಟು_ಸುಣ್ಣ · ಜೂನ್ 4, ಸಂಜೆ 5:40

ಕೊಟ್ಟಿದ್ದೇನೆ. 2009ರಲ್ಲಿ, 500 ಮರಿಗೆ, ಮಣ್ಣಿನ ತಟ್ಟೆಯಲ್ಲಿ. ಮರಿಗಳು ಖುಷಿಯಾಗಿ ಕುಡಿದವು. ಅದೇ ಧೈರ್ಯದ ಮೇಲೆ ಮುಂದಿನ ಬ್ಯಾಚಿಗೆ ನಿಪ್ಪಲ್ ಸಾಲಿನ (ಮರಿ ಕುಕ್ಕಿದರೆ ನೀರು ಬಿಡುವ ಪೈಪಿನ) ಟ್ಯಾಂಕಿಗೆ ಸುರಿದೆ. ಮೂರನೆಯ ದಿನ ನಿಪ್ಪಲ್‌ಗಳೆಲ್ಲ ಕಟ್ಟಿಕೊಂಡವು. ಒಂದೊಂದನ್ನೇ ಬಿಚ್ಚಿ ಸೂಜಿ ಹಾಕಿ ತೆಗೆದದ್ದು ನಾನು ಮತ್ತು ನನ್ನ ಹೆಂಡತಿ, ರಾತ್ರಿ ಎರಡು ಗಂಟೆಯವರೆಗೆ. ಅವಳು ಈಗಲೂ ಮಜ್ಜಿಗೆ ಬಡಿಸುವಾಗ ಅದನ್ನು ನೆನಪಿಸುತ್ತಾಳೆ.

ಎಂವಿಎಸ್‌ಸಿ_ಹೆಬ್ಬಾಳ · ಜೂನ್ 4, ರಾತ್ರಿ 8:20

ಹೆಬ್ಬಾಳದಲ್ಲಿ ಪಶು ಆಹಾರಶಾಸ್ತ್ರ ಓದುತ್ತಿದ್ದೇನೆ. ಮಜ್ಜಿಗೆಯ ಪ್ರಶ್ನೆ ದಡ್ಡದ್ದಲ್ಲ. ಆದರೆ ಪ್ರತಿ ಮನೆಯ ಹೆಪ್ಪು ಬೇರೆ, ಅದರಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂಬ ಅಳತೆ ಇಲ್ಲ, ಅವು ಕೋಳಿಯ ಕರುಳಿನಲ್ಲಿ ನೆಲೆಸುತ್ತವೆ ಎಂಬ ಭರವಸೆಯೂ ಇಲ್ಲ.

ಈಗ ಶಿರಾದವರ ಡಬ್ಬದ ಲೆಕ್ಕ ನೋಡೋಣ. ಗ್ರಾಂಗೆ 5 ಕೋಟಿ, ಟನ್ನಿಗೆ 500 ಗ್ರಾಂ. ಅಂದರೆ ಒಂದು ಟನ್ ಫೀಡ್‌ಗೆ 2,500 ಕೋಟಿ. ಟನ್ನಿನಲ್ಲಿ ಹತ್ತು ಲಕ್ಷ ಗ್ರಾಂ. ಭಾಗಿಸಿದರೆ ಒಂದು ಗ್ರಾಂ ಫೀಡ್‌ಗೆ 25 ಸಾವಿರ, ಅದೂ ಆರು ಬಗೆಗೆ ಹಂಚಿ. ಬ್ಯಾಸಿಲಸ್ ಬಗೆಯ ಉತ್ಪನ್ನಗಳಲ್ಲಿ ಸಾಮಾನ್ಯವಾಗಿ ಗುರಿ ಇಡುವುದು ಗ್ರಾಂ ಫೀಡ್‌ಗೆ ಹತ್ತು ಲಕ್ಷದ ಆಸುಪಾಸು. ಅಂದರೆ ನೀವು ಹಾಕಿದ್ದು ನಲವತ್ತರಲ್ಲಿ ಒಂದು ಪಾಲು. 5 ಕೋಟಿ ಎನ್ನುವ ಅಂಕಿ ನೋಡಿ ಮರುಳಾಗಬೇಡಿ, ಈ ಲೋಕದಲ್ಲಿ ಕೋಟಿ ಚಿಲ್ಲರೆ ಕಾಸು.

ಎರಡನೆಯದು. "ಬ್ಯಾಸಿಲಸ್ ಸಬ್ಟಿಲಿಸ್" ಎಂದು ಬರೆದರೆ ಸಾಲದು. ಭತ್ತ ಎಂದರೆ ಗೊತ್ತಾಗುತ್ತದೆಯೇ? ರಾಜಮುಡಿಯೋ, ಜಯಾವೋ, ಸೋನಾ ಮಸೂರಿಯೋ? ಬ್ಯಾಕ್ಟೀರಿಯಾಕ್ಕೂ ತಳಿ ಇದೆ. ಒಂದು ತಳಿ ಕ್ಲಾಸ್ಟ್ರಿಡಿಯಂ ಅನ್ನು ತಡೆಯುತ್ತದೆ, ಅದೇ ಜಾತಿಯ ಇನ್ನೊಂದು ತಳಿ ಸುಮ್ಮನೆ ತಿಂದು ಹೋಗುತ್ತದೆ. ತಳಿಯ ಸಂಖ್ಯೆ ಇಲ್ಲದ ಡಬ್ಬ ಕೊಳ್ಳಬೇಡಿ.

ಮೂರನೆಯದು ಫೀಡನ್ನು ಪೆಲೆಟ್ (ಗುಳಿಗೆ) ಮಾಡಿಸುವವರಿಗೆ. ಉಗಿ ಕೊಟ್ಟು 80 ಡಿಗ್ರಿ ದಾಟಿಸಿದಾಗ ಲ್ಯಾಕ್ಟೋಬ್ಯಾಸಿಲಸ್ ಬಹುಮಟ್ಟಿಗೆ ಸಾಯುತ್ತದೆ. ಬ್ಯಾಸಿಲಸ್ ಬೀಜಾಣುವಿನ ರೂಪದಲ್ಲಿ ಇರುವುದರಿಂದ ಆ ಬಿಸಿಯನ್ನು ತಡೆದುಕೊಳ್ಳುತ್ತದೆ. ಶಿರಾದವರದು ಮ್ಯಾಶ್, ಆ ತೊಂದರೆ ಇಲ್ಲ. ಆದರೆ ಡಬ್ಬವನ್ನು ಎಲ್ಲಿ ಇಟ್ಟಿದ್ದಿರಿ?

ಶಿರಾ_ಶೆಡ್ · ಜೂನ್ 4, ರಾತ್ರಿ 8:33

ಶೆಡ್ ಪಕ್ಕದ ತಗಡಿನ ಕೋಣೆಯಲ್ಲಿ. ಏಪ್ರಿಲ್, ಮೇ ಎರಡೂ ತಿಂಗಳು.

ಎಂವಿಎಸ್‌ಸಿ_ಹೆಬ್ಬಾಳ · ಜೂನ್ 4, ರಾತ್ರಿ 8:35

ಹಾಗಾದರೆ ಆ 25 ಸಾವಿರವೂ ಅನುಮಾನ.

ಕರುಳುಮಿತ್ರ_ಅಧಿಕೃತ · ಜೂನ್ 4, ರಾತ್ರಿ 9:00

ಸ್ನೇಹಿತರೇ, ಚಿಂತೆ ಬೇಡ. ನಮ್ಮ ಉತ್ಪನ್ನದಲ್ಲಿ 14 ಬಗೆಯ ಮಿತ್ರ ಬ್ಯಾಕ್ಟೀರಿಯಾಗಳಿವೆ. ಎಫ್‌ಸಿಆರ್ ಖಚಿತವಾಗಿ ಇಳಿಯುತ್ತದೆ, ಸಾವು ಸೊನ್ನೆ. ಉಚಿತ ಸ್ಯಾಂಪಲ್‌ಗಾಗಿ ಕರೆ ಮಾಡಿ. [ಸಂಖ್ಯೆ ಅಳಿಸಲಾಗಿದೆ]

ನಿರ್ವಾಹಕ · ಜೂನ್ 4, ರಾತ್ರಿ 9:04

ಮಾರಾಟಕ್ಕೆ ಬೇರೆ ಜಾಗವಿದೆ. ಇದು ಎರಡನೆಯ ಎಚ್ಚರಿಕೆ.

ಲೇಯರ್_ಹೊಸಪೇಟೆ · ಜೂನ್ 4, ರಾತ್ರಿ 9:10

ಸಾವು ಸೊನ್ನೆಯಂತೆ. ಸ್ಮಶಾನದಲ್ಲಿ ಮಾತ್ರ ಹೊಸ ಸಾವು ಇರುವುದಿಲ್ಲ. ಅದಕ್ಕೇ ನಾನು ಮೊದಲೇ ಮೋಸ ಎಂದದ್ದು.

ಪಶುವೈದ್ಯ_ನಿವೃತ್ತ · ಜೂನ್ 5, ಬೆಳಿಗ್ಗೆ 7:15

ಹೊಸಪೇಟೆಯವರೇ, ಮಾರುವವನು ಕೆಟ್ಟರೆ ಸರಕೂ ಕೆಟ್ಟದ್ದೇ ಆಗಬೇಕಿಲ್ಲ. ಇದರ ಹಿಂದಿನ ಕಥೆ ಕೇಳಿ. 1971ರಲ್ಲಿ ಫಿನ್ಲೆಂಡಿನ ಬ್ರಾಯ್ಲರ್ ಶೆಡ್‌ಗಳಲ್ಲಿ ಸಾಲ್ಮೊನೆಲ್ಲಾ ಇನ್ಫಾಂಟಿಸ್ ಹರಡಿತು. ನುರ್ಮಿ ಮತ್ತು ರಂತಲಾ ಎಂಬ ಇಬ್ಬರು ಒಂದು ಕೆಲಸ ಮಾಡಿದರು. ಆರೋಗ್ಯವಾಗಿದ್ದ ದೊಡ್ಡ ಕೋಳಿಯ ಕರುಳಿನೊಳಗಿನ ದ್ರವ್ಯವನ್ನು ಆಗಷ್ಟೇ ಒಡೆದು ಬಂದ ಮರಿಗಳಿಗೆ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಅದಕ್ಕೆ ನೆಲೆಸಲು ಕಷ್ಟವಾಯಿತು. 1973ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಬಂತು. ಬಾಡಿಗೆದಾರ ಎಂದು ನಾನು ಹೇಳಿದ್ದಕ್ಕೆ ಆಧಾರ ಇದೇ.

ಹೊಟ್ಟು_ಸುಣ್ಣ · ಜೂನ್ 5, ಬೆಳಿಗ್ಗೆ 7:50

ಡಾಕ್ಟರೇ, ಇದಕ್ಕೆ ಫಿನ್ಲೆಂಡಿಗೆ ಏಕೆ ಹೋಗಬೇಕು? ನನ್ನ ತಾಯಿಯ ನಾಟಿ ಹೇಂಟೆ ಮರಿ ಮಾಡಿದ ದಿನವೇ ತಿಪ್ಪೆಗೆ ಕರೆದುಕೊಂಡು ಹೋಗುತ್ತದೆ. ಕೆದಕುತ್ತದೆ, ಕುಕ್ಕಿ ತೋರಿಸುತ್ತದೆ, ತಾಯಿಯ ಹಿಕ್ಕೆಯ ಮೇಲೆಯೇ ಮರಿ ಓಡಾಡುತ್ತದೆ. ಅದಕ್ಕೆ ಬೇಕಾದದ್ದೆಲ್ಲ ಮೊದಲ ದಿನವೇ ಸಿಕ್ಕಿಬಿಡುತ್ತದೆ. ನಮ್ಮ ಬ್ರಾಯ್ಲರ್ ಮರಿ ಯಂತ್ರದಲ್ಲಿ ಹುಟ್ಟಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಂದು, ಹಳೆಯ ಪತ್ರಿಕೆಯ ಮೇಲೆ ಇಳಿಯುತ್ತದೆ. ಅದು ತಾಯಿಯನ್ನೇ ನೋಡಿಲ್ಲ.

ಭಾನುವಾರದ_ಸಾರು · ಜೂನ್ 5, ಬೆಳಿಗ್ಗೆ 8:30

ಅದಕ್ಕೇ ನಾಟಿ ಕೋಳಿ ಸಾರು ರುಚಿ. ಈ ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ಚಿ ನಲವತ್ತು ದಿನದಲ್ಲಿ ಎರಡು ಕೆಜಿ ಮಾಡುತ್ತಾರೆ, ಅದನ್ನೂ ಒಮ್ಮೆ ಚರ್ಚಿಸಿ.

ಎಂವಿಎಸ್‌ಸಿ_ಹೆಬ್ಬಾಳ · ಜೂನ್ 5, ಬೆಳಿಗ್ಗೆ 9:12

ಹಾರ್ಮೋನ್ ಚುಚ್ಚುವುದಿಲ್ಲ, ದಯವಿಟ್ಟು ಇದನ್ನು ಹರಡಬೇಡಿ. 6,000 ಕೋಳಿಯನ್ನು ಪ್ರತಿದಿನ ಹಿಡಿದು ಚುಚ್ಚುವವರು ಯಾರು? ಆ ವೇಗ ಬಂದದ್ದು ಹಲವು ದಶಕಗಳ ತಳಿ ಆಯ್ಕೆಯಿಂದ ಮತ್ತು ಫೀಡ್‌ನಿಂದ.

ನೀವು ಚಿಂತಿಸಬೇಕಾದದ್ದು ಬೇರೆ. ಮಾಂಸದಲ್ಲಿ ಉಳಿಯುವ ಔಷಧದ ಅಂಶ ಒಂದು. 2014ರಲ್ಲಿ ದೆಹಲಿಯ ಸಿಎಸ್‌ಇ ಎಂಬ ಪರಿಸರ ಸಂಸ್ಥೆ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ 40 ಶೇಕಡಾದಲ್ಲಿ ಆಂಟಿಬಯೋಟಿಕ್ ಅಂಶ ಸಿಕ್ಕಿತ್ತು. ಔಷಧ ನಿಲ್ಲಿಸಿ ಕಾದು ಮಾರಿದರೆ ಅದು ತಗ್ಗುತ್ತದೆ. ಅದಕ್ಕಿಂತ ದೊಡ್ಡದು ಶೆಡ್‌ನೊಳಗೆ ಹುಟ್ಟುವ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಅದು ಹೊಟ್ಟಿನ ಗೊಬ್ಬರದಲ್ಲಿ ಹೊಲಕ್ಕೆ ಹೋಗುತ್ತದೆ, ಸಾಕುವವರ ಕೈಯಲ್ಲಿ ಮನೆಗೆ ಬರುತ್ತದೆ. ಸಾರನ್ನು ಕುದಿಸಿದರೆ ನಿಮಗೆ ಅಪಾಯ ಕಡಿಮೆ, ಸಾಕುವವರ ಮನೆಯವರಿಗೆ ಹಾಗಲ್ಲ. ಕೊಲಿಸ್ಟಿನ್ ಅನ್ನು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಕೋಳಿ ಮತ್ತು ಇತರ ಆಹಾರ ಪ್ರಾಣಿಗಳಿಗೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ಐಸಿಯುನಲ್ಲಿ ಬೇರೆಲ್ಲ ಕೈಕೊಟ್ಟಾಗ ಉಳಿಯುವ ಔಷಧ ಅದು. ಅದನ್ನು ನಾವು ಕೋಳಿ ದಪ್ಪವಾಗಲಿ ಎಂದು ಚೀಲಗಟ್ಟಲೆ ಸುರಿಯುತ್ತಿದ್ದೆವು.

ಜೋಳದ_ರಾಣೆಬೆನ್ನೂರು · ಜೂನ್ 5, ಬೆಳಿಗ್ಗೆ 9:40

ಫೀಡ್‌ಗೆ ಗ್ರೋತ್ ಪ್ರಮೋಟರ್ ಆಂಟಿಬಯೋಟಿಕ್ ಹಾಕುವುದನ್ನು ಯುರೋಪಿನಲ್ಲಿ ನಿಷೇಧ ಮಾಡಿದರು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿನ ರೈತ ಬದುಕಿದನೇ, ಸತ್ತನೇ, ಅದನ್ನು ಯಾರೂ ಹೇಳುವುದಿಲ್ಲ.

ಪಶುವೈದ್ಯ_ನಿವೃತ್ತ · ಜೂನ್ 5, ಬೆಳಿಗ್ಗೆ 10:30

ಬದುಕಿದ. ಸ್ವೀಡನ್ 1986ರಲ್ಲೇ ನಿಲ್ಲಿಸಿತು. ಇಡೀ ಐರೋಪ್ಯ ಒಕ್ಕೂಟದಲ್ಲಿ ನಿಷೇಧ ಪೂರ್ತಿಯಾಗಿ ಬಂದದ್ದು 2006ರ ಜನವರಿ 1ರಿಂದ. ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರು 1998ರ ಆರಂಭದಲ್ಲಿ ತಾವಾಗಿಯೇ ಬಿಟ್ಟರು. ಅಲ್ಲಿನ ಲೆಕ್ಕದಲ್ಲಿ ಎಫ್‌ಸಿಆರ್ ಕೆಟ್ಟದ್ದು ಸುಮಾರು 0.016, ಸಾವು ಹೆಚ್ಚಲಿಲ್ಲ. ಶಿರಾದವರಿಗೆ ಕೆಟ್ಟದ್ದು 0.12. ವ್ಯತ್ಯಾಸ ನೋಡಿ.

ಆದರೆ ಪೂರ್ತಿ ಹೇಳುತ್ತೇನೆ, ಅರ್ಧ ಹೇಳುವುದು ಸರಿಯಲ್ಲ. ಅವರು ಕಾಕ್ಸಿಗೆಂದು ಸಲೈನೋಮೈಸಿನ್‌ನಂಥ ಔಷಧವನ್ನು ಫೀಡ್‌ನಲ್ಲಿ ಉಳಿಸಿಕೊಂಡರು. ಅದು ಕ್ಲಾಸ್ಟ್ರಿಡಿಯಂ ಅನ್ನೂ ಒಂದಿಷ್ಟು ಹಿಡಿದಿಡುತ್ತದೆ. ಅವರ ಶೆಡ್‌ಗಳು ಮುಚ್ಚಿದವು, ಹವೆ ಹಿಡಿತದಲ್ಲಿರುತ್ತದೆ, ಪ್ರತಿ ಬ್ಯಾಚಿಗೆ ಲಿಟರ್ ಹೊಸದು. 1960ರ ದಶಕದಲ್ಲೇ ಒಂದು ವಿಷಯ ಗೊತ್ತಾಗಿತ್ತು. ಸೂಕ್ಷ್ಮಜೀವಿಗಳೇ ಇಲ್ಲದ ಪೆಟ್ಟಿಗೆಯಲ್ಲಿ ಬೆಳೆಸಿದ ಮರಿಗೆ ಆಂಟಿಬಯೋಟಿಕ್ ಕೊಟ್ಟರೆ ತೂಕ ಹೆಚ್ಚುವುದಿಲ್ಲ. ಅದರ ಲಾಭವೆಲ್ಲ ಕೊಳಕು ಇದ್ದ ಕಡೆ. ಶೆಡ್ ಎಷ್ಟು ಚೊಕ್ಕವೋ ಬಿಎಂಡಿ ಅಷ್ಟು ಅನಗತ್ಯ.

ಹೊಟ್ಟು_ಸುಣ್ಣ · ಜೂನ್ 5, ಬೆಳಿಗ್ಗೆ 10:48

ಕೊನೆಯ ಸಾಲನ್ನು ಗೋಡೆಯ ಮೇಲೆ ಬರೆಸಬೇಕು.

ಕಾಂಟ್ರಾಕ್ಟ್_ಕೋಳಿ · ಜೂನ್ 5, ಬೆಳಿಗ್ಗೆ 11:02

ಬರೆಸಿ. ಬಣ್ಣದ ದುಡ್ಡನ್ನೂ ನನ್ನ ಸಾಕಣೆ ಕೂಲಿಯಲ್ಲೇ ಕಡಿಯುತ್ತಾರೆ.

ಶಿರಾ_ಶೆಡ್ · ಜೂನ್ 6, ಸಂಜೆ 6:30

ಹೊಟ್ಟು_ಸುಣ್ಣ ಅವರ ಪ್ರಶ್ನೆ ತಲೆಯಲ್ಲೇ ಕೊರೆಯುತ್ತಿತ್ತು. ಇವತ್ತು ನೀರಿನ ಸಾಲಿನ ಕೊನೆಯ ಮುಚ್ಚಳ ಬಿಚ್ಚಿದೆ. ಶೆಡ್ ಖಾಲಿ ಇತ್ತು, ಪೈಪು ಒಣಗಿರಬಹುದು ಎಂದುಕೊಂಡಿದ್ದೆ. ಬೆರಳು ಒಳಗೆ ಹಾಕಿದರೆ ಲೋಳೆ. ಬೆಂಡೆಕಾಯಿ ಹೆಚ್ಚಿದ ಕೈಯಂತೆ ಜಾರುತ್ತಿತ್ತು, ಕಂದು ಬಣ್ಣ, ಹಳಸಿದ ಬೆಲ್ಲದ ವಾಸನೆ. ಪೂರ್ತಿ 80 ಅಡಿ ಹೀಗೆಯೇ ಇದ್ದರೆ ಹನ್ನೊಂದು ವರ್ಷ ಮರಿಗಳು ಕುಡಿದದ್ದು ಏನನ್ನು?

ಹೊಟ್ಟು_ಸುಣ್ಣ · ಜೂನ್ 6, ಸಂಜೆ 6:55

ಅದನ್ನೇ. ಬೆಲ್ಲ, ವಿಟಮಿನ್, ಔಷಧದ ಸಿಹಿ ಪುಡಿ, ಎಲ್ಲ ಸೇರಿ ಒಳಗೋಡೆಗೆ ಅಂಟಿ ಲೋಳೆಯಾಗುತ್ತದೆ. ಬರಿ ನೀರು ಹಾಯಿಸಿದರೆ ಹೋಗುವುದಿಲ್ಲ. ಪೈಪು ತೊಳೆಯಲೆಂದೇ ಬರುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ತಂದು, ಕ್ಯಾನಿನ ಮೇಲಿನ ಅಳತೆಯಲ್ಲಿ ತುಂಬಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಜೋರಾಗಿ ನೀರು ಬಿಡಿ. ಶೆಡ್‌ನಲ್ಲಿ ಕೋಳಿ ಇರಬಾರದು, ಕೈಗೆ ಗ್ಲೌಸ್ ಹಾಕಿ. ಹೊರಗೆ ಬರುವುದನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿಯಿರಿ, ನೋಡಿದ ಮೇಲೆ ಮಧ್ಯಾಹ್ನ ಊಟ ಸೇರುವುದಿಲ್ಲ.

ಇನ್ನೊಂದು. ಪ್ರೊಬಯೋಟಿಕ್ ಅನ್ನು ನೀರಿನಲ್ಲಿ ಕೊಡುವುದಾದರೆ ಆ ದಿನ ಟ್ಯಾಂಕಿಗೆ ಕ್ಲೋರಿನ್ ಹಾಕಬೇಡಿ. ನೀರಿನಲ್ಲಿ ಲಸೋಟಾ ಲಸಿಕೆ ಕೊಡುವಾಗ ಕ್ಲೋರಿನ್ ಮುರಿಯಲೆಂದು ಹಾಲಿನ ಪುಡಿ ಬೆರೆಸುತ್ತೀರಲ್ಲ, ಅದೇ ಲೆಕ್ಕ. ಜೀವ ಇರುವುದನ್ನು ಕ್ಲೋರಿನ್ ಬಿಡುವುದಿಲ್ಲ.

ಪಶುವೈದ್ಯ_ನಿವೃತ್ತ · ಜೂನ್ 6, ರಾತ್ರಿ 8:00

ಮುಂದಿನ ಬ್ಯಾಚಿಗೆ ಹೀಗೆ ಮಾಡಿ ನೋಡಿ. ಒಂದೇ ಶೆಡ್ಡನ್ನು ಜಾಲರಿ ಹಾಕಿ ಎರಡು ಪಾಲು ಮಾಡಿ. ಎರಡು ಶೆಡ್ಡನ್ನು ಹೋಲಿಸಬೇಡಿ, ಒಂದಕ್ಕೆ ಬಿಸಿಲು, ಒಂದಕ್ಕೆ ಗಾಳಿ ಇರುತ್ತದೆ. ಒಂದೇ ಹ್ಯಾಚರಿಯ, ಒಂದೇ ದಿನದ ಮರಿ. ಎರಡೂ ಕಡೆ ಬಿಎಂಡಿ ಬೇಡ, ರೂಢಿಯ ಎನ್ರೋ ಬೇಡ, ಕಾಕ್ಸಿಯ ಔಷಧ ಇರಲಿ. ಆ ಔಷಧ ಪ್ರೊಬಯೋಟಿಕ್ ಜೊತೆ ಹೊಂದುತ್ತದೆಯೇ ಎಂದು ತಯಾರಕರಿಂದ ಬರೆಸಿಕೊಳ್ಳಿ. ತಳಿಯ ಸಂಖ್ಯೆ, ಗ್ರಾಂಗೆ 200 ಕೋಟಿ ಇರುವ ಬ್ಯಾಸಿಲಸ್ ತಂದು ಟನ್ನಿಗೆ 500 ಗ್ರಾಂ ಒಂದು ಪಾಲಿಗೆ ಮಾತ್ರ ಹಾಕಿ. ವಾರಕ್ಕೊಮ್ಮೆ ಪ್ರತಿ ಕಡೆ 50 ಕೋಳಿ ತೂಗಿ, ಹಿಡಿಯುವಾಗ ದಪ್ಪದ್ದನ್ನು ಆರಿಸಬೇಡಿ. ಫೀಡ್ ಬಗ್ಗೆ ಅನುಮಾನ ಬಂದರೆ ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆಯಲ್ಲಿ ವಿಚಾರಿಸಿ.

ಲೇಯರ್_ಹೊಸಪೇಟೆ · ಜೂನ್ 6, ರಾತ್ರಿ 8:12

ಒಂದು ಪಾಲಿನಲ್ಲೂ ಬಿಎಂಡಿ ಇಲ್ಲದಿದ್ದರೆ ಹೋಲಿಕೆ ಯಾವುದರ ಜೊತೆ? ಮೂರು ಪಾಲು ಮಾಡಬೇಕು.

ಪಶುವೈದ್ಯ_ನಿವೃತ್ತ · ಜೂನ್ 6, ರಾತ್ರಿ 8:20

ಸರಿಯಾದ ಮಾತು, ಮೋಸ ಎಂದವರ ಬಾಯಿಂದಲೇ ಬಂತು. ಆದರೆ ಮೂರು ಜಾಲರಿ, ಮೂರು ಬಗೆಯ ಫೀಡ್ ಎಂದರೆ ಮಿಲ್ಲಿನವನು ತಲೆ ಕೆಡಿಸಿಕೊಳ್ಳುತ್ತಾನೆ. ಅವರ ಹಳೆಯ ಬ್ಯಾಚುಗಳ ಲೆಕ್ಕ ಇದೆ, ಸದ್ಯಕ್ಕೆ ಅದೇ ಇರಲಿ.

ಶಿರಾ_ಶೆಡ್ · ಆಗಸ್ಟ್ 24, ರಾತ್ರಿ 9:15

ಮಾತು ಕೊಟ್ಟಂತೆ ಬಂದಿದ್ದೇನೆ. ಮೊನ್ನೆ ಲಿಫ್ಟಿಂಗ್ ಆಯಿತು, ಮಾರಾಟಕ್ಕೆ ಕೋಳಿ ಎತ್ತಿದರು.

ಪೈಪು ತೊಳೆದೆ, ಬಿಳಿ ಬಕೆಟ್ಟಿನ ಮಾತು ನಿಜ. ಹೊಟ್ಟು ಹೊಸದು, ಎರಡು ದಿನಕ್ಕೊಮ್ಮೆ ಕೆದಕಿಸಿದೆ. ಎನ್ರೋ ಕೊಡಲಿಲ್ಲ. ಮೊದಲ ನಾಲ್ಕು ದಿನ ನನಗೇ ಜ್ವರ ಬಂದ ಹಾಗೆ ಇತ್ತು, ರಾತ್ರಿ ಎರಡೆರಡು ಸಲ ಎದ್ದು ನೋಡಿದೆ. ಶೆಡ್ ನಡುವೆ ಜಾಲರಿ. ಪ್ರೊಬಯೋಟಿಕ್ ಫೀಡ್ ಚೀಲಕ್ಕೆ ಕೆಂಪು ದಾರದ ಹೊಲಿಗೆ, ಇನ್ನೊಂದಕ್ಕೆ ಬಿಳಿ ದಾರ. 22ನೆಯ ದಿನ ಎದೆ ಹೊಡೆದುಕೊಳ್ಳುತ್ತಿತ್ತು. ಹಿಕ್ಕೆ ಗಟ್ಟಿ, ಮೇಲೆ ಬಿಳಿ ಟೋಪಿ, ಎರಡೂ ಕಡೆ.

ಕೊನೆಯ ಲೆಕ್ಕ: ಕೆಂಪು ಕಡೆ ಎಫ್‌ಸಿಆರ್ 1.64, ಬಿಳಿ ಕಡೆ 1.65. ಸಾವು ಎರಡೂ ಕಡೆ 4ರ ಹತ್ತಿರ.

ಲೇಯರ್_ಹೊಸಪೇಟೆ · ಆಗಸ್ಟ್ 24, ರಾತ್ರಿ 9:21

ನೋಡಿದಿರಾ! ಪುಡಿ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕೆಲಸ ಮಾಡಿದ್ದು ಪೈಪು ತೊಳೆದದ್ದು.

ಎಂವಿಎಸ್‌ಸಿ_ಹೆಬ್ಬಾಳ · ಆಗಸ್ಟ್ 24, ರಾತ್ರಿ 9:30

ಒಂದೇ ಬ್ಯಾಚಿನಿಂದ ಹಾಗೆ ಹೇಳಲಾಗದು. ಆದರೆ ಇಷ್ಟು ಸಮ ಬಂದದ್ದು ಆಶ್ಚರ್ಯವೇ. ಫೀಡ್ ಹಾಕಿದವರು ಯಾರು?

ಶಿರಾ_ಶೆಡ್ · ಆಗಸ್ಟ್ 24, ರಾತ್ರಿ 9:48

ಅದನ್ನೇ ಹೇಳಲು ಹೊರಟಿದ್ದೆ, ಹೊಸಪೇಟೆಯವರು ಅವಸರ ಮಾಡಿದರು. ಫೀಡ್ ಹಾಕುವುದು ನಮ್ಮಲ್ಲಿ ಕೆಲಸ ಮಾಡುವ ಅಕ್ಕ. ಲಿಫ್ಟಿಂಗ್ ದಿನ ಖಾಲಿ ಚೀಲ ಎಣಿಸಿದೆ. ಬಿಳಿ ದಾರದ ಕಡೆ ಕೆಂಪು ದಾರದ ಚೀಲಗಳು ಬಿದ್ದಿದ್ದವು. ಕೇಳಿದರೆ, "ಆ ಕಡೆಯವಕ್ಕೆ ಒಳ್ಳೆಯ ಪುಡಿ, ಈ ಕಡೆಯವು ಏನು ಪಾಪ ಮಾಡಿವೆ? ದಿನ ಬಿಟ್ಟು ದಿನ ಬದಲಾಯಿಸಿ ಹಾಕಿದೆ" ಎಂದರು. ಮೂರನೆಯ ವಾರದಿಂದ ಹೀಗೆಯೇ ನಡೆದಿದೆ.

ಹೊಟ್ಟು_ಸುಣ್ಣ · ಆಗಸ್ಟ್ 24, ರಾತ್ರಿ 9:55

ನಗು ತಡೆಯಲಾಗುತ್ತಿಲ್ಲ. ಆದರೂ ಬಿಎಂಡಿ ಇಲ್ಲದೆ, ಎನ್ರೋ ಇಲ್ಲದೆ 1.65ಕ್ಕೆ ತಂದಿರಿ. ಅದು ಸಣ್ಣದಲ್ಲ.

ಭಾನುವಾರದ_ಸಾರು · ಆಗಸ್ಟ್ 24, ರಾತ್ರಿ 10:03

ಈ ಸಲ ಖರೀದಿದಾರರಿಗೆ ಏನು ಹೇಳಿದಿರಿ?

ಶಿರಾ_ಶೆಡ್ · ಆಗಸ್ಟ್ 24, ರಾತ್ರಿ 10:10

ಎಲ್ಲವನ್ನೂ. ಹಿಂದಿನ ಬ್ಯಾಚಿನದ್ದನ್ನೂ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 6ರ ಬದಲು 4 ರೂಪಾಯಿ ಹೆಚ್ಚು ಕೊಟ್ಟರು, ಮುಂದಿನ ಸಲ ಔಷಧದ ಪುಸ್ತಕ ನೋಡಿ 6 ಕೊಡುತ್ತಾರಂತೆ.

ಸೆಪ್ಟೆಂಬರ್ ಮೊದಲ ವಾರ ಮರಿ ಬರುತ್ತದೆ. ಈ ಸಲ ಫೀಡ್ ನಾನೇ ಹಾಕುತ್ತೇನೆ. ಅಕ್ಕನಿಗೆ ಎರಡೂ ಕಡೆಯ ನೀರಿನ ಕೆಲಸ. ತುಮಕೂರಿನ ಕಡೆ ಒಣ ಭತ್ತದ ಹೊಟ್ಟು ಯಾರ ಬಳಿ ಇದೆ, ಲೋಡಿಗೆ ಎಷ್ಟು?

ಹೊಟ್ಟು_ಸುಣ್ಣ · ಆಗಸ್ಟ್ 24, ರಾತ್ರಿ 10:22

ಮಳೆಯಲ್ಲಿ ನೆನೆದ ಲೋಡನ್ನು ಒಣಗಿದೆ ಎಂದು ಹೇಳಿ ಕೊಡುತ್ತಾರೆ. ಲಾರಿಯ ನಡುವಿನ ಹೊಟ್ಟಿಗೆ ಮೊಳಕೈವರೆಗೆ ಕೈ ಹಾಕಿ ನೋಡಿ, ಬೆಚ್ಚಗಿದ್ದರೆ ವಾಪಸು ಕಳಿಸಿ.